ಹೆಸರಿಡುವ ಮೊದಲು ಲೆಕ್ಕದ ಪುಸ್ತಕ ಇಡಿ: ಹವ್ಯಾಸಿ ತಳಿಗಾರರ ಸಂಘ ಮತ್ತು ತಳಿ ಹೆಸರಿನ ನೋಂದಣಿ

ಪ್ರಶ್ನೆ: ನಾವು ಹದಿನೈದು ಇಪ್ಪತ್ತು ಮಂದಿ ಮನೆಯಲ್ಲೇ ದಾಸವಾಳ ಕ್ರಾಸ್ ಮಾಡಿ, ಅಂದರೆ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ, ಹೊಸ ಗಿಡ ಬೆಳೆಸುತ್ತೇವೆ. ಕೆಲವರು ಆರ್ಕಿಡ್, ಬೋಗನ್‌ವಿಲ್ಲಾ ಕೂಡ ಮಾಡುತ್ತಾರೆ. ಎಲ್ಲರೂ ತಮಗೆ ತೋಚಿದ ಹೆಸರು ಇಡುತ್ತಾ ಬಂದಿದ್ದೇವೆ. ಈಗ ಎರಡು ಬೇರೆ ಗಿಡಗಳಿಗೆ ಒಂದೇ ಹೆಸರಾಗಿ ಮನಸ್ತಾಪ ಬಂದಿದೆ. ಒಂದು ಸಂಘ ಕಟ್ಟಿ, ಹೆಸರುಗಳನ್ನು ನಾವೇ ನೋಂದಾಯಿಸಿ, ಪ್ರಮಾಣಪತ್ರ ಕೊಡೋಣ ಅಂತಿದ್ದೇವೆ. ಹೇಗೆ ಶುರು ಮಾಡುವುದು? ಹೆಸರು ನೋಂದಾಯಿಸಿದರೆ ಗಿಡದ ಮೇಲೆ ನಮಗೆ ಹಕ್ಕು ಬರುತ್ತದಾ?

ಉತ್ತರ: ಸಂಘ ಖಂಡಿತ ಕಟ್ಟಿ. ಆದರೆ ನೋಂದಣಿ ಕಚೇರಿ ಮಾತ್ರ ನೀವೇ ತೆರೆಯಬೇಡಿ. ಆ ಕೆಲಸಕ್ಕೆ ಇಡೀ ಜಗತ್ತಿಗೆ ಸೇರಿ ಒಂದು ವ್ಯವಸ್ಥೆ ಆಗಲೇ ಇದೆ. ಅದು ದೊಡ್ಡ ದೊಡ್ಡ ಕಂಪನಿಗಳಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ, ಎಷ್ಟೋ ಹೂವುಗಳ ನೋಂದಣಿಯನ್ನು ನಡೆಸುತ್ತಿರುವುದೇ ನಿಮ್ಮಂಥ ಹವ್ಯಾಸಿಗಳು ಕಟ್ಟಿದ ಸಂಘಗಳು. ಇನ್ನು ಹಕ್ಕಿನ ವಿಷಯ. ಹೆಸರು ನೋಂದಾಯಿಸಿದ ಮಾತ್ರಕ್ಕೆ ಗಿಡ ನಿಮ್ಮ ಸ್ವತ್ತಾಗುವುದಿಲ್ಲ. ಅದು ಪೂರ್ತಿ ಬೇರೆ ದಾರಿ, ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಪ್ರಮಾಣಪತ್ರ ಅಲ್ಲ, ಆ ಮನಸ್ತಾಪ. ಅದು ಯಾಕೆ ಬಂತು ಅಂತ ನೋಡಿದರೆ ಸಂಘ ಏನು ಮಾಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಯಾರು ಯಾವ ಗಿಡಕ್ಕೆ ಯಾವಾಗ ಹೆಸರಿಟ್ಟರು, ಆ ಗಿಡ ಹೇಗಿತ್ತು, ಅದರ ತಾಯಿ ತಂದೆ ಯಾವುದು ಅಂತ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಜಗಳ ಐದು ನಿಮಿಷದ್ದು. ನಿಮ್ಮ ಸಂಘ ಬೇರೇನೂ ಮಾಡದೆ ಈ ಒಂದು ಕೆಲಸ ನೆಟ್ಟಗೆ ಮಾಡಿದರೂ ಸಾಕು, ಅದು ಇದ್ದದ್ದಕ್ಕೆ ಅರ್ಥ ಇದೆ.

ಮೊದಲು ಹೆಸರು ಯಾವುದಕ್ಕೆ ಅಂಟಿಕೊಳ್ಳುತ್ತದೆ ಅನ್ನುವುದು ಸ್ಪಷ್ಟವಾಗಲಿ, ಇಲ್ಲೇ ಜಾಸ್ತಿ ಜನ ಎಡವುವುದು. ಕಲ್ಟಿವಾರ್ ಅಂದರೆ ಮನುಷ್ಯರು ಆರಿಸಿ ಉಳಿಸಿಕೊಂಡ ತಳಿ. ಈ ಪದವನ್ನು ಲಿಬರ್ಟಿ ಹೈಡ್ ಬೈಲಿ 1923ರಲ್ಲಿ ಬಳಕೆಗೆ ತಂದರು. ಅದಕ್ಕೆ ಮೂರು ಗುಣ ಬೇಕು: ಬೇರೆ ತಳಿಗಳಿಂದ ಗುರುತಿಸುವಷ್ಟು ಬೇರೆಯಾಗಿರಬೇಕು, ಎಲ್ಲ ಗಿಡಗಳೂ ಒಂದೇ ಥರ ಇರಬೇಕು, ಹೆಚ್ಚಿಸಿದಾಗಲೂ ಹಾಗೇ ಉಳಿಯಬೇಕು. ದಾಸವಾಳದಂಥ ಗಿಡದಲ್ಲಿ ಒಂದು ಕಾಯಿಯ ಬೀಜಗಳನ್ನು ಬಿತ್ತಿದರೆ ಪ್ರತಿ ಸಸಿಯೂ ಬೇರೆ ಬೇರೆ ಹೂ ಬಿಡುತ್ತದೆ. ಅಲ್ಲಿ ನೀವು ಆರಿಸಿದ್ದು ಒಂದೇ ಒಂದು ಸಸಿ. ಹೆಸರು ಆ ಸಸಿಗೆ, ಮತ್ತು ಅದರಿಂದ ಕಟಿಂಗ್ ಮಾಡಿ, ಕಸಿ ಕಟ್ಟಿ ಬೆಳೆಸಿದ ಗಿಡಗಳಿಗೆ ಮಾತ್ರ. ಆ ಗಿಡದ ಬೀಜ ಬಿತ್ತಿ ಬಂದ ಸಸಿಗೆ ಆ ಹೆಸರು ಸಲ್ಲುವುದಿಲ್ಲ, ಹೂವು ಎಷ್ಟೇ ಹತ್ತಿರ ಕಂಡರೂ. ಹೆಸರಿರುವ ಗಿಡದ ಬೀಜವನ್ನು ಅದೇ ಹೆಸರಿನಲ್ಲಿ ಹಂಚುವುದನ್ನು ನಿಮ್ಮ ಸಂಘ ಮೊದಲ ದಿನವೇ ನಿಲ್ಲಿಸಬೇಕು. ಒಂದು ಹೆಸರಿನಡಿ ನಾಲ್ಕು ಥರದ ಗಿಡ ಓಡಾಡಲು ಶುರುವಾದರೆ ಮತ್ತೆ ಸರಿಮಾಡುವುದು ಬಲು ಕಷ್ಟ.

ಟೊಮೆಟೊ, ಬೀನ್ಸ್ ಥರ ಬೀಜದಿಂದಲೇ ಉಳಿಸುವ ಗಿಡಗಳಾದರೆ ಲೆಕ್ಕ ಬೇರೆ. ಅಲ್ಲಿ ಕ್ರಾಸ್ ಮಾಡಿದ ಮೇಲೆ ತಲೆಮಾರು ತಲೆಮಾರು ಆರಿಸುತ್ತಾ ಹೋಗಿ ಗುಣ ನೆಲೆ ನಿಲ್ಲಿಸಬೇಕು. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡದಲ್ಲಿ, ಬೆರೆತ ಗುಣಗಳ ಪಾಲು ಪ್ರತಿ ತಲೆಮಾರಿಗೂ ಅರ್ಧಕ್ಕೆ ಇಳಿಯುತ್ತದೆ. ಎರಡನೇ ತಲೆಮಾರಿನಲ್ಲಿ ಅರ್ಧ, ಮೂರರಲ್ಲಿ ಕಾಲು, ಆರನೆಯದಕ್ಕೆ ಬರುವಷ್ಟರಲ್ಲಿ ಶೇಕಡ 3ರ ಆಸುಪಾಸು. ಅಲ್ಲಿಯವರೆಗೆ ಹೆಸರಿಗೆ ಅವಸರ ಮಾಡಬಾರದು. ಕುಬ್ಜ ಟೊಮೆಟೊ ಯೋಜನೆ ಅಂತ ಒಂದಿದೆ, 2000ರ ದಶಕದ ಮಧ್ಯದಲ್ಲಿ ಅಮೆರಿಕದ ಕ್ರೇಗ್ ಲಿಹೌಲಿಯರ್ ಮತ್ತು ಆಸ್ಟ್ರೇಲಿಯಾದ ಪ್ಯಾಟ್ರಿನಾ ನಸ್ಕೆ ಸ್ಮಾಲ್ ಶುರು ಮಾಡಿದ್ದು. ಪೂರ್ತಿ ಹವ್ಯಾಸಿಗಳ ಕೆಲಸ. ಭೂಮಿಯ ಉತ್ತರಾರ್ಧದಲ್ಲಿ ಬೇಸಿಗೆ ಮುಗಿದಾಗ ದಕ್ಷಿಣದಲ್ಲಿ ಬೇಸಿಗೆ ಶುರು, ಹಾಗಾಗಿ ಬೀಜವನ್ನು ಆಚೆ ಈಚೆ ಕಳಿಸಿ ವರ್ಷಕ್ಕೆ ಎರಡು ತಲೆಮಾರು ಬೆಳೆಸಿದರು. ನೂರಕ್ಕೂ ಹೆಚ್ಚು ತಳಿಗಳು ಹೊರಬಂದವು. ಅದಕ್ಕೆ ದೊಡ್ಡ ಜಮೀನು ಬೇಕಿರಲಿಲ್ಲ, ಹಲವರು ಕುಂಡದಲ್ಲಿ ಬೆಳೆದವರೇ. ಇದ್ದದ್ದು ಯಾವ ಬೀಜ ಯಾರ ಕೈಯಲ್ಲಿ, ಯಾವ ತಲೆಮಾರಿನದು ಅನ್ನುವ ಶಿಸ್ತಾದ ದಾಖಲೆ. ಸಂಘ ಅಂದರೆ ನನ್ನ ಕಣ್ಣ ಮುಂದೆ ಬರುವುದು ಇದೇ.

ಈಗ ಹೆಸರಿನ ವ್ಯವಸ್ಥೆಗೆ ಬರೋಣ. ಬೆಳೆಸಿದ ಗಿಡಗಳ ಹೆಸರಿಗೆ ಒಂದು ಅಂತರರಾಷ್ಟ್ರೀಯ ಸಂಹಿತೆ ಇದೆ. ಅದರ ಮೊದಲ ಆವೃತ್ತಿ ಬಂದದ್ದು 1953ರಲ್ಲಿ, ಒಂಬತ್ತನೆಯದು 2016ರಲ್ಲಿ. ಹೆಸರುಗಳು ಎರಡೆರಡು ಸಲ ಬಳಕೆಯಾಗದಂತೆ ನೋಡಿಕೊಳ್ಳಲು, ಒಂದೊಂದು ಗಿಡದ ಗುಂಪಿಗೆ ಒಂದೊಂದು ಸಂಸ್ಥೆಯನ್ನು ಅಂತರರಾಷ್ಟ್ರೀಯ ತೋಟಗಾರಿಕಾ ವಿಜ್ಞಾನ ಸಂಘ ನೇಮಿಸುತ್ತದೆ. ಇವನ್ನು ಅಂತರರಾಷ್ಟ್ರೀಯ ತಳಿ ನೋಂದಣಿ ಪ್ರಾಧಿಕಾರಗಳು ಅನ್ನುತ್ತಾರೆ. ಗುಲಾಬಿಗೆ ಅಮೆರಿಕನ್ ರೋಸ್ ಸೊಸೈಟಿ. ಡ್ಯಾಫೋಡಿಲ್, ಡೇಲಿಯಾ ಮತ್ತು ಆರ್ಕಿಡ್ ಸಂಕರಗಳಿಗೆ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ. ದೇವಕಣಗಿಲೆಗೆ ಪ್ಲುಮೇರಿಯಾ ಸೊಸೈಟಿ ಆಫ್ ಅಮೆರಿಕ. ನಿಮಗೆ ಬೇಕಾದ ದಾಸವಾಳ, ಅಂದರೆ ಹಿಬಿಸ್ಕಸ್ ರೋಸಾ-ಸೈನೆನ್ಸಿಸ್, ಆಸ್ಟ್ರೇಲಿಯನ್ ಹಿಬಿಸ್ಕಸ್ ಸೊಸೈಟಿಯ ಪಾಲಿಗೆ ಬಂದಿದೆ. ಬೋಗನ್‌ವಿಲ್ಲಾ ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪಾಲಿಗೆ. ಗಿಡ ಯಾವ ದೇಶದಲ್ಲಿ ಹುಟ್ಟಿದರೂ ಅರ್ಜಿ ಹೋಗಬೇಕಾದದ್ದು ಆ ಗುಂಪಿನ ಪ್ರಾಧಿಕಾರಕ್ಕೆ. ಶುಲ್ಕ ಕೆಲವು ಕಡೆ ಇಲ್ಲ, ಕೆಲವು ಕಡೆ ಅಲ್ಪ ಮೊತ್ತ.

ಈ ಪ್ರಾಧಿಕಾರಗಳು ಏನು ಮಾಡುವುದಿಲ್ಲ ಅನ್ನುವುದೂ ಗೊತ್ತಿರಲಿ. ನಿಮ್ಮ ಹೂವು ಚೆನ್ನಾಗಿದೆಯೋ ಇಲ್ಲವೋ ಅಂತ ಅವು ಹೇಳುವುದಿಲ್ಲ. ಹಳೆಯ ಯಾವುದೋ ತಳಿಗಿಂತ ನಿಜಕ್ಕೂ ಬೇರೆಯೇ ಅಂತ ಬೆಳೆಸಿ ಪರೀಕ್ಷಿಸುವುದೂ ಅವುಗಳ ಕೆಲಸವಲ್ಲ. ಹೆಸರು ನಿಯಮಕ್ಕೆ ಸರಿಯಾಗಿದೆಯೇ, ಮೊದಲು ಯಾರಾದರೂ ಬಳಸಿದ್ದಾರೆಯೇ ಅಂತ ನೋಡುತ್ತವೆ, ವಿವರಗಳನ್ನು ಪಟ್ಟಿಗೆ ಸೇರಿಸುತ್ತವೆ, ಪಟ್ಟಿಯನ್ನು ಪ್ರಕಟಿಸುತ್ತವೆ. ಹಾಗಾದರೆ ಗುಣ ನೋಡುವವರು ಯಾರು? ಅಲ್ಲೇ ನಿಮ್ಮ ಸಂಘದ ಜಾಗ ಇರುವುದು.

ಇಂಥ ಸಂಘಗಳು ಹುಟ್ಟಿದ್ದೇ ಹೆಸರಿನ ಗೋಜಲಿನಿಂದ. 1920ರಲ್ಲಿ ಅಮೆರಿಕನ್ ಐರಿಸ್ ಸೊಸೈಟಿ ಶುರುವಾದಾಗ ಅದರ ಮುಂದಿದ್ದ ದೊಡ್ಡ ಕೆಲಸಗಳಲ್ಲಿ ಒಂದು, ಮಾರುವವರ ಪಟ್ಟಿಗಳಲ್ಲಿ ಒಂದೇ ಗಿಡ ಹತ್ತು ಹೆಸರಿನಲ್ಲಿ, ಹತ್ತು ಗಿಡ ಒಂದೇ ಹೆಸರಿನಲ್ಲಿ ಬರುತ್ತಿದ್ದುದನ್ನು ಬಿಡಿಸುವುದು. ಸದಸ್ಯರು ಹಳೇ ಕ್ಯಾಟಲಾಗುಗಳನ್ನು ತಡಕಿ, ಪುಟ ಪುಟ ಓದಿ, 1939ರ ಹೊತ್ತಿಗೆ ಅಕ್ಷರ ಕ್ರಮದ ದೊಡ್ಡ ಪಟ್ಟಿ ತಂದರು. ಆಮೇಲೆ ಹತ್ತು ವರ್ಷಕ್ಕೊಮ್ಮೆ ಅದನ್ನು ಮುಂದುವರಿಸಿದರು. ನಿಮ್ಮಲ್ಲಿ ಎರಡು ಹೆಸರಿನ ಜಗಳ ಈಗಲೇ ಬಂದಿದ್ದು ಒಳ್ಳೆಯದೇ ಆಯಿತು, ಇನ್ನೂರು ಹೆಸರಾದ ಮೇಲೆ ಬಂದಿದ್ದರೆ ತಲೆನೋವು ದೊಡ್ಡದಾಗುತ್ತಿತ್ತು.

ಹೆಸರಿನ ನಿಯಮಗಳಲ್ಲಿ ನಿಮಗೆ ದಿನಾ ಬೇಕಾಗುವಷ್ಟು ಹೇಳುತ್ತೇನೆ. ಒಂದೇ ಕುಲದೊಳಗೆ ಸಾಮಾನ್ಯವಾಗಿ ಒಂದು ಹೆಸರು ಒಂದೇ ಸಲ. ಗುಲಾಬಿಯಲ್ಲಿ ಇರುವ ಹೆಸರನ್ನು ದಾಸವಾಳಕ್ಕೆ ಇಡಬಹುದು, ದಾಸವಾಳದಲ್ಲಿ ಇರುವುದನ್ನು ಮತ್ತೊಂದು ದಾಸವಾಳಕ್ಕೆ ಇಡುವಂತಿಲ್ಲ. ಹೆಸರು 30 ಅಕ್ಷರ ದಾಟಬಾರದು, ಪದಗಳ ನಡುವಿನ ಜಾಗ ಲೆಕ್ಕಕ್ಕಿಲ್ಲ. ಬರೆಯುವಾಗ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. 1959ರ ಜನವರಿ 1ರಿಂದ ಈಚೆಗೆ ಲ್ಯಾಟಿನ್ ರೂಪದ ಹೊಸ ಹೆಸರು ಇಡುವಂತಿಲ್ಲ, ಅಂದರೆ 'ಆಲ್ಬಾ', 'ರೂಬ್ರಾ' ಅಂತ ಶಾಸ್ತ್ರೀಯವಾಗಿ ಕಾಣಲಿ ಅಂತ ಇಟ್ಟರೆ ವಾಪಸ್ ಬರುತ್ತದೆ. ಬರೀ ಅಂಕಿ ಅಥವಾ ಒಂದೇ ಅಕ್ಷರ ಹೆಸರಾಗದು. ಹೈಬ್ರಿಡ್, ವೆರೈಟಿ, ಸೀರೀಸ್, ಇಂಪ್ರೂವ್ಡ್ ಥರದ ಪದಗಳನ್ನು ಸೇರಿಸುವಂತಿಲ್ಲ. 'ಅತಿ ದೊಡ್ಡದು', 'ಎಲ್ಲಕ್ಕಿಂತ ಉತ್ತಮ' ಅಂತ ಹೊಗಳಿಕೆಯ ಹೆಸರೂ ಬೇಡ, ನಾಳೆ ಅದಕ್ಕಿಂತ ದೊಡ್ಡದು ಬಂದೇ ಬರುತ್ತದೆ ಅಲ್ವಾ. ಬದುಕಿರುವ ವ್ಯಕ್ತಿಯ ಹೆಸರಿಡುವುದಾದರೆ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನೋಂದಣಿ ಅರ್ಜಿಯಲ್ಲಿ ಕೇಳದಿದ್ದರೂ ತೆಗೆದುಕೊಳ್ಳಿ.

ನಮ್ಮ ಲಿಪಿಯಲ್ಲಿ ಹೆಸರಿಡುವವರು ಒಂದು ವಿಷಯ ಗಮನಿಸಬೇಕು. ಬೇರೆ ಲಿಪಿಯ ಹೆಸರನ್ನು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸುವಾಗ ಅದನ್ನು ರೋಮನ್ ಅಕ್ಷರಕ್ಕೆ ಇಳಿಸುತ್ತಾರೆ, ಅರ್ಥ ಹೇಳಿ ಬೇರೆ ಹೆಸರು ಮಾಡುವುದಿಲ್ಲ. ದೀರ್ಘ ಸ್ವರಕ್ಕೆ ಒಬ್ಬರು ಒಂದು ಅಕ್ಷರ, ಇನ್ನೊಬ್ಬರು ಎರಡು ಬರೆದರೆ ಒಂದೇ ಗಿಡ ಪಟ್ಟಿಗಳಲ್ಲಿ ಎರಡಾಗಿ ಕಾಣುತ್ತದೆ. ಆದ್ದರಿಂದ ರೋಮನ್ ಕಾಗುಣಿತವನ್ನು ನೀವೇ ನಿಶ್ಚಯಿಸಿ, ಅರ್ಜಿಯಲ್ಲೂ ಲೇಬಲ್‌ನಲ್ಲೂ ಅದನ್ನೇ ಬರೆಯಿರಿ, ಕೊನೆಯವರೆಗೂ ಬದಲಿಸಬೇಡಿ.

ಒಂದೇ ಗಿಡಕ್ಕೆ ಹಲವು ಹೆಸರಾದರೆ ಏನಾಗುತ್ತದೆ ಅನ್ನುವುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಗುಲಾಬಿಯೇ ಸಾಕ್ಷಿ. ಫ್ರಾನ್ಸಿನ ಫ್ರಾನ್ಸಿಸ್ ಮೇಯಾನ್ ಬೆಳೆಸಿದ ಆ ಗಿಡ ಅವರ ದೇಶದಲ್ಲಿ 'ಮದಾಮ್ ಎ. ಮೇಯಾನ್', ಜರ್ಮನಿಯಲ್ಲಿ 'ಗ್ಲೋರಿಯಾ ಡೇಯಿ', ಇಟಲಿಯಲ್ಲಿ 'ಜೋಯಾ', ಅಮೆರಿಕದಲ್ಲಿ 'ಪೀಸ್'. ಎರಡನೇ ಮಹಾಯುದ್ಧದ ಕಾಲದಲ್ಲಿ ದೇಶದಿಂದ ದೇಶಕ್ಕೆ ಸುದ್ದಿ ಹೋಗುತ್ತಿರಲಿಲ್ಲ, ಅದಕ್ಕೇ ಹೀಗಾಯಿತು. ಇವತ್ತು ಗುಲಾಬಿ ಲೋಕದಲ್ಲಿ ಮಾರಾಟದ ಹೆಸರು ಬೇರೆ, ತಳಿಯ ನಿಜವಾದ ಹೆಸರು ಬೇರೆ ಇಡುವ ರೂಢಿಯೇ ಬಂದಿದೆ. ಡೇವಿಡ್ ಆಸ್ಟಿನ್ ಅವರ 'ಗರ್ಟ್ರೂಡ್ ಜೀಕಲ್' ಗುಲಾಬಿಯ ತಳಿ ಹೆಸರು 'ಆಸ್‌ಬೋರ್ಡ್'. ಅಂದಹಾಗೆ, ಆಸ್ಟಿನ್ ಕೂಡ ಹವ್ಯಾಸಿಯಾಗಿ ಶುರು ಮಾಡಿದ ರೈತರೇ, ಅವರ ಮೊದಲ ಗುಲಾಬಿ 'ಕಾನ್‌ಸ್ಟನ್ಸ್ ಸ್ಪ್ರೈ' ಹೊರಬಂದದ್ದು 1961ರಲ್ಲಿ. ನಿಮಗೆ ಈ ಎರಡು ಹೆಸರಿನ ರಗಳೆ ಬೇಡ. ಒಂದು ಗಿಡ, ಒಂದು ಹೆಸರು.

ಆರ್ಕಿಡ್ ಮಾಡುವ ನಿಮ್ಮ ಗೆಳೆಯರಿಗೆ ಬೇರೆ ಮಾತು ಹೇಳಬೇಕು. ಅಲ್ಲಿ ನೋಂದಣಿ ಆಗುವುದು ಒಂದು ಗಿಡಕ್ಕಲ್ಲ, ಇಡೀ ಕ್ರಾಸಿಗೆ. ಅದನ್ನು ಗ್ರೆಕ್ಸ್ ಅನ್ನುತ್ತಾರೆ. ಅವೇ ಇಬ್ಬರು ತಂದೆತಾಯಿಯಿಂದ ಯಾರು ಯಾವಾಗ ಕ್ರಾಸ್ ಮಾಡಿದರೂ, ಪರಾಗವನ್ನು ಈ ಕಡೆಯಿಂದ ಆ ಕಡೆಗೆ ಹಾಕಿದರೂ ಆ ಕಡೆಯಿಂದ ಈ ಕಡೆಗೆ ಹಾಕಿದರೂ, ಎಲ್ಲ ಸಸಿಗಳಿಗೂ ಒಂದೇ ಗ್ರೆಕ್ಸ್ ಹೆಸರು. 1856ರಲ್ಲಿ ಹೂ ಬಿಟ್ಟ ಮೊದಲ ಆರ್ಕಿಡ್ ಸಂಕರ ಕ್ಯಾಲಾಂತೆ ಡೊಮಿನಿಯಿಂದ ಹಿಡಿದು ಇವತ್ತಿನವರೆಗೆ ಆ ವಂಶಾವಳಿ ಸಿಗುತ್ತದೆ. ಹಾಗಾಗಿ ಹೆಸರು ಯೋಚಿಸುವ ಮೊದಲು ಆ ಕ್ರಾಸಿಗೆ ಆಗಲೇ ಹೆಸರಿದೆಯಾ ಅಂತ ಪಟ್ಟಿಯಲ್ಲಿ ನೋಡಿ. ಇದ್ದರೆ ಅದೇ ಹೆಸರು ಬಳಸಬೇಕು. ಆ ಸಸಿಗಳಲ್ಲಿ ಒಂದು ತುಂಬಾ ಚೆನ್ನಾಗಿದ್ದರೆ ಅದೊಂದಕ್ಕೆ ಮಾತ್ರ ಉದ್ಧರಣ ಚಿಹ್ನೆಯೊಳಗೆ ತಳಿ ಹೆಸರು ಸೇರಿಸಬಹುದು.

ಬೋಗನ್‌ವಿಲ್ಲಾದವರು ನೋಡಿಕೊಳ್ಳಬೇಕಾದದ್ದು ಬೇರೆಯೇ. ಅಲ್ಲಿ ಹೊಸದು ಎಷ್ಟೋ ಸಲ ಬೀಜದಿಂದ ಬರುವುದಿಲ್ಲ, ಒಂದು ರೆಂಬೆ ಇದ್ದಕ್ಕಿದ್ದಂತೆ ಬಣ್ಣ ಬದಲಿಸುತ್ತದೆ, ಇಲ್ಲವೇ ಎಲೆಯಲ್ಲಿ ಬಿಳಿ ಅಂಚು ಮೂಡುತ್ತದೆ. ಅದೂ ಹೊಸ ತಳಿ ಆಗಬಹುದು. ಆದರೆ ಕಟಿಂಗ್ ಮಾಡಿ, ಆ ಕಟಿಂಗ್‌ನಿಂದ ಮತ್ತೆ ಕಟಿಂಗ್ ಮಾಡಿ, ಗುಣ ಉಳಿಯುತ್ತದಾ ಅಂತ ನೋಡಬೇಕು. ಇಂಥ ಗಿಡದಲ್ಲಿ ಎಷ್ಟೋ ಸಲ ಹೊರಪದರದ ಕೋಶ ಒಂದು ಥರ, ಒಳಪದರದ್ದು ಇನ್ನೊಂದು ಥರ ಇರುತ್ತದೆ. ಹಾಗಾಗಿ ಹಳೇ ಬಣ್ಣಕ್ಕೆ ಮರಳುವ ರೆಂಬೆ ಬರುತ್ತಲೇ ಇರುತ್ತದೆ.

ನಿಮ್ಮ ಮನಸ್ತಾಪಕ್ಕೆ ಉತ್ತರವೂ ಈ ನಿಯಮಗಳಲ್ಲೇ ಇದೆ. ಒಂದು ಹೆಸರು ಸ್ಥಾಪಿತವಾಗಬೇಕಾದರೆ ಅದು ದಿನಾಂಕ ಇರುವ ಪ್ರಕಟಣೆಯಲ್ಲಿ, ಗಿಡದ ವಿವರಣೆಯೊಂದಿಗೆ ಬಂದಿರಬೇಕು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ "ಇದಕ್ಕೆ ಈ ಹೆಸರಿಟ್ಟೆ" ಅಂದರೆ ಆಗುವುದಿಲ್ಲ. ಬೆಳೆಸಿದವರ ಇಷ್ಟಕ್ಕೆ ವಿರುದ್ಧವಾಗಿ ಬೇರೆಯವರು ಹೆಸರು ಪ್ರಕಟಿಸಿದರೆ ಅದೂ ನಿಲ್ಲುವುದಿಲ್ಲ. ಹಾಗಾಗಿ ಮೊದಲು ದಾಸವಾಳದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆ ಹೆಸರು ಹುಡುಕಿ. ಆಗಲೇ ಇದ್ದರೆ ಇಬ್ಬರೂ ಬಿಟ್ಟುಕೊಡಬೇಕು, ಜಗಳವೇ ಮುಗಿಯಿತು. ಇಲ್ಲದಿದ್ದರೆ, ನಿಮ್ಮಲ್ಲಿ ಯಾರದೂ ಪ್ರಕಟವಾಗಿಲ್ಲ ಅಂತ ನನ್ನ ಊಹೆ, ಅಂದರೆ ನಿಯಮದ ಪ್ರಕಾರ ಇಬ್ಬರಿಗೂ ಹೆಸರಿಲ್ಲ. ಆಗ ನನ್ನ ಸಲಹೆ: ಯಾರ ಗಿಡದ ಕಟಿಂಗ್ ಜಾಸ್ತಿ ಕೈಗಳಿಗೆ ಹೋಗಿದೆಯೋ ಅವರು ಆ ಹೆಸರು ಇಟ್ಟುಕೊಳ್ಳಲಿ. ಯಾಕೆಂದರೆ ಹೊರಗೆ ಹೋದ ಲೇಬಲ್‌ಗಳನ್ನು ಹುಡುಕಿ ಬದಲಿಸುವುದು ಆಗದ ಮಾತು. ಮೊದಲು ಯೋಚಿಸಿದವರು ಯಾರು ಅನ್ನುವ ವಾದಕ್ಕೆ ಇಳಿಯಬೇಡಿ. ಇನ್ನೊಬ್ಬರು ಹೊಸ ಹೆಸರು ಆರಿಸಲಿ, ಸಂಘದ ಪುಸ್ತಕದಲ್ಲಿ "ಮೊದಲು ಈ ಹೆಸರಿನಲ್ಲಿ ಓಡಾಡಿತ್ತು" ಅಂತ ಬರೆದಿಡಿ. ಆ ಒಂದು ಸಾಲು ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಕ್ಕಿನ ವಿಷಯ ಚುಟುಕಾಗಿ. ಹೊಸ ತಳಿಯನ್ನು ಬೇರೆಯವರು ಹೆಚ್ಚಿಸಿ ಮಾರದಂತೆ ತಡೆಯುವ ಹಕ್ಕು ಬೇಕಾದರೆ ಅದು ಸರ್ಕಾರದ ಕಾನೂನಿನಡಿ ಸಿಗುವಂಥದ್ದು, ದೇಶದಿಂದ ದೇಶಕ್ಕೆ ಬೇರೆ. 1961ರಲ್ಲಿ ಪ್ಯಾರಿಸ್‌ನಲ್ಲಿ ಆದ ಉಪೋವ್ ಎಂಬ, ಹೊಸ ತಳಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ತಳಿಯನ್ನು ಬೆಳೆಸಿ ಪರೀಕ್ಷಿಸುತ್ತಾರೆ, ಖರ್ಚೂ ಜಾಸ್ತಿ. ಅಲ್ಲಿನ ಒಂದು ಷರತ್ತು ಹವ್ಯಾಸಿಗಳನ್ನು ಸಿಕ್ಕಿಸುತ್ತದೆ: ಅರ್ಜಿ ಹಾಕುವ ದೇಶದಲ್ಲಿ ಅದಕ್ಕೆ ಒಂದು ವರ್ಷಕ್ಕಿಂತ ಮೊದಲೇ ಗಿಡ ಮಾರಾಟಕ್ಕೆ ಬಂದಿರಬಾರದು, ಬೇರೆ ದೇಶಗಳಲ್ಲಾದರೆ 4 ವರ್ಷ, ಮರ ಮತ್ತು ದ್ರಾಕ್ಷಿ ಬಳ್ಳಿಗಾದರೆ 6. ಅಂದರೆ ಸುಮ್ನೆ ನಾಲ್ಕು ಗಿಡ ಮಾರಿ, ಎರಡು ವರ್ಷ ಬಿಟ್ಟು "ಹಕ್ಕು ತೆಗೆದುಕೊಳ್ಳೋಣ" ಅಂದರೆ ಬಾಗಿಲು ಮುಚ್ಚಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಆ ಆಸೆ ಇದ್ದರೆ ಒಂದೂ ಗಿಡ ಮಾರುವ ಮೊದಲೇ ವಕೀಲರನ್ನು ಕಾಣಲಿ. ಇನ್ನೊಂದು ಸಮಾಧಾನದ ವಿಷಯವೂ ಇದೆ. ಆ ಒಪ್ಪಂದದ ಪ್ರಕಾರ, ಹಕ್ಕು ಇರುವ ತಳಿಯನ್ನು ಹೊಸ ಕ್ರಾಸಿಗೆ ತಾಯಿಯಾಗಿಯೋ ತಂದೆಯಾಗಿಯೋ ಬಳಸಲು ಅಡ್ಡಿಯಿಲ್ಲ. ಅದರ ಕಟಿಂಗ್ ಮಾಡಿ ಮಾರುವುದು ಮಾತ್ರ ತಪ್ಪು. ನನ್ನ ಅಭಿಪ್ರಾಯ ಕೇಳಿದರೆ, ಹವ್ಯಾಸಿ ಸಂಘ ಹಕ್ಕಿನ ಹಿಂದೆ ಹೋಗದಿರುವುದೇ ಒಳ್ಳೆಯದು. ಗಿಡ ನಾಲ್ಕು ಕೈಗೆ ಹೋಗಲಿ, ಹೆಸರು ಮಾತ್ರ ಸರಿಯಾಗಿ ಹೋಗಲಿ.

ಸರಿ, ಸಂಘ ಹೇಗೆ ಕಟ್ಟುವುದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಬೈಲಾ, ವರ್ಷದ ಸಭೆ, ಸದಸ್ಯತ್ವ ಶುಲ್ಕ, ಇವೆಲ್ಲ ಯಾವ ಸಂಘಕ್ಕಾದರೂ ಇರುವಂಥದ್ದು, ಅದರಲ್ಲಿ ಹೊಸದೇನೂ ಇಲ್ಲ. ನಿಮಗೆ ವಿಶೇಷವಾಗಿ ಬೇಕಾದವರು ರಿಜಿಸ್ಟ್ರಾರ್. ಚುನಾವಣೆಯಲ್ಲಿ ಪ್ರತಿವರ್ಷ ಬದಲಾಗುವ ಹುದ್ದೆ ಮಾಡಬೇಡಿ ಇದನ್ನು. ತಾಳ್ಮೆ ಇರುವ, ಬರೆದಿಡುವ ಅಭ್ಯಾಸ ಇರುವ ಒಬ್ಬರನ್ನು ಆರಿಸಿ, ಕೆಲವು ವರ್ಷ ಅವರನ್ನೇ ಮುಂದುವರಿಸಿ, ಜೊತೆಗೆ ಒಬ್ಬರು ಕಲಿಯುತ್ತಿರಲಿ. ಅವರು ದೊಡ್ಡ ತಳಿಗಾರರಾಗಿರಬೇಕಿಲ್ಲ. ತಮ್ಮದೇ ಗಿಡಗಳನ್ನು ಹೆಚ್ಚು ನೋಂದಾಯಿಸದವರಾದರೆ ಇನ್ನೂ ಒಳ್ಳೆಯದು, ಯಾರಿಗೂ ಅನುಮಾನ ಬರುವುದಿಲ್ಲ. ಅವರ ಕೆಲಸ: ಸದಸ್ಯರ ಕ್ರಾಸ್ ದಾಖಲೆ ಇಟ್ಟುಕೊಳ್ಳುವುದು, ಹೆಸರು ಸೂಚಿಸಿದಾಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹುಡುಕುವುದು, ಅರ್ಜಿ ತುಂಬಲು ನೆರವಾಗುವುದು, ಪ್ರಾಧಿಕಾರದ ಜೊತೆ ಪತ್ರ ವ್ಯವಹಾರ ಮಾಡುವುದು. ನೀವು ಕೊಡಬೇಕು ಅಂದುಕೊಂಡ ಪ್ರಮಾಣಪತ್ರವನ್ನು ಬಿಟ್ಟುಬಿಡಿ. ಪ್ರಾಧಿಕಾರದಿಂದ ಬರುವ ನೋಂದಣಿ ಉತ್ತರವೇ ಸಾಕು, ಎರಡು ಕಡೆಯ ಕಾಗದ ಇದ್ದರೆ ಯಾವುದು ಲೆಕ್ಕ ಅಂತ ಮತ್ತೊಂದು ಗೊಂದಲ.

ದಾಖಲೆ ಎಲ್ಲಿಂದ ಶುರುವಾಗುತ್ತದೆ? ಹೂವಿನ ತೊಟ್ಟಿನಿಂದ. ಬೆಳಗ್ಗೆ ದಾಸವಾಳ ಅರಳಿದಾಗ ನಡುವೆ ಉದ್ದನೆಯ ಕಂಬ ಇರುತ್ತದಲ್ಲ, ಅದರ ತುದಿಯಲ್ಲಿ ಐದು ಪುಟ್ಟ ಗುಂಡು ತಲೆ, ಅದರ ಕೆಳಗೆ ಸುತ್ತಲೂ ಪರಾಗದ ಕೇಸರ. ಇನ್ನೊಂದು ಗಿಡದ ಪರಾಗವನ್ನು ಆ ಐದು ತಲೆಗೆ ಮುಟ್ಟಿಸಿದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು, ತೊಟ್ಟಿಗೆ ಚೀಟಿ ಕಟ್ಟಬೇಕು. ತಾಯಿಯ ಹೆಸರು ಮೊದಲು, ಗುಣಾಕಾರದ ಚಿಹ್ನೆ, ಆಮೇಲೆ ತಂದೆಯ ಹೆಸರು, ದಿನಾಂಕ. ಮರುದಿನ ಹೂ ಮುದುಡಿ ಬಿದ್ದುಹೋಗುತ್ತದೆ, ಆಮೇಲೆ ಆ ಕಾಯಿಯ ತಂದೆ ಯಾರು ಅಂತ ಹೇಳುವುದು ಆ ಚೀಟಿ ಮಾತ್ರ. ಬಾಲ್‌ಪೆನ್, ಮಾರ್ಕರ್ ಶಾಯಿ ಬಿಸಿಲಿಗೆ ಮಾಸಿಹೋಗುತ್ತದೆ. ಪ್ಲಾಸ್ಟಿಕ್ ಚೀಟಿಯ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆದದ್ದು ಬಹಳ ಕಾಲ ಉಳಿಯುತ್ತದೆ. ಸಂಜೆ ಅದನ್ನೇ ಪುಸ್ತಕಕ್ಕೆ ಇಳಿಸಿ.

ಸಸಿಗಳಿಗೆ ಹೆಸರಲ್ಲ, ನಂಬರ್ ಕೊಡಿ. ಸದಸ್ಯರ ಗುರುತಿನ ಅಕ್ಷರ, ವರ್ಷ, ಆ ವರ್ಷದ ಎಷ್ಟನೇ ಕ್ರಾಸ್, ಅದರಲ್ಲಿ ಎಷ್ಟನೇ ಸಸಿ. ಕ-25-07-3 ಅಂದರೆ 'ಕ' ಗುರುತಿನ ಸದಸ್ಯರ 2025ರ ಏಳನೇ ಕ್ರಾಸಿನ ಮೂರನೇ ಸಸಿ. ಸಂಘದ ಎಲ್ಲರೂ ಒಂದೇ ಕ್ರಮ ಬಳಸಲಿ. ಗಿಡ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ನಂಬರೇ ಜೊತೆಗೆ ಹೋಗಲಿ. ಮೊದಲ ಹೂ ನೋಡಿದ ಖುಷಿಯಲ್ಲಿ ಮುದ್ದಿನ ಹೆಸರು ಇಟ್ಟರೆ ಅದೇ ಬಾಯಿಗೆ ಬಂದು, ಪಟ್ಟಿ ನೋಡುವ ಮೊದಲೇ ಊರೆಲ್ಲ ಹಬ್ಬಿರುತ್ತದೆ. ನಿಮ್ಮಲ್ಲಿ ಆದದ್ದು ಇದೇ ಇರಬೇಕು.

ಹೆಸರಿಗೆ ಅರ್ಹವಾದ ಸಸಿ ಯಾವುದು ಅನ್ನುವುದನ್ನು ಸಂಘ ಗಟ್ಟಿಯಾಗಿ ತೀರ್ಮಾನಿಸಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ. ಡೇಲಿಲಿಯಲ್ಲಿ ನೋಂದಣಿಯಾದ ಹೆಸರುಗಳು 80 ಸಾವಿರಕ್ಕೂ ಹೆಚ್ಚು. ಅಷ್ಟರ ನಡುವೆ ಇನ್ನೊಂದು ಸೇರಿಸುವಾಗ, ಇದರಲ್ಲಿ ಇರುವುದು ಬೇರೆಯದರಲ್ಲಿ ಇಲ್ಲವಾ ಅಂತ ಕೇಳಿಕೊಳ್ಳಲೇಬೇಕು. ಹೂವಿನ ಬಣ್ಣ ಒಂದನ್ನೇ ನೋಡಬೇಡಿ. ಗಿಡ ತನ್ನ ಬೇರಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದಾ, ಕಟಿಂಗ್ ಸುಲಭವಾಗಿ ಬೇರು ಬಿಡುತ್ತದಾ, ಮೊಗ್ಗು ಉದುರುತ್ತದಾ, ವರ್ಷದಲ್ಲಿ ಎಷ್ಟು ಕಾಲ ಹೂ ಇರುತ್ತದೆ. ದಾಸವಾಳದಲ್ಲಿ ಬಿಸಿಲು, ಚಳಿಗೆ ತಕ್ಕಂತೆ ಬಣ್ಣವೂ ಹೂವಿನ ಅಳತೆಯೂ ಬದಲಾಗುತ್ತದೆ, ಆದ್ದರಿಂದ ಒಂದು ಋತುವಿನ ಫೋಟೋ ನಂಬಿ ಅರ್ಜಿ ಹಾಕಬೇಡಿ. ಬಣ್ಣ ಬರೆಯುವಾಗ "ಗುಲಾಬಿ ಮಿಶ್ರಿತ ಕಿತ್ತಳೆ" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತದೆ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಚಾರ್ಟ್ ಒಂದನ್ನು ಸಂಘದ ದುಡ್ಡಿನಲ್ಲಿ ಕೊಂಡುಕೊಳ್ಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ಎಸಳನ್ನು ಪಕ್ಕದಲ್ಲಿಟ್ಟು ನಂಬರ್ ಬರೆದುಕೊಳ್ಳಿ. ದುಬಾರಿ ಅನ್ನಿಸಬಹುದು, ಆದರೆ ಒಬ್ಬೊಬ್ಬರೇ ಕೊಳ್ಳಲಾಗದ ಇಂಥ ವಸ್ತುಗಳಿಗೇ ಸಂಘ ಬೇಕಾಗಿರುವುದು.

ಆಯ್ದ ಸಸಿಯನ್ನು ಮೂರು ನಾಲ್ಕು ಸದಸ್ಯರ ತೋಟದಲ್ಲಿ ಕನಿಷ್ಠ ಎರಡು ವರ್ಷ ಬೆಳೆಸಿ ನೋಡಿ. ಕೊಡುವಾಗ ಒಂದು ಪುಟದ ಒಪ್ಪಂದ ಇರಲಿ: ಗಿಡ ಅದನ್ನು ಕ್ರಾಸ್ ಮಾಡಿ ಹುಟ್ಟಿಸಿದವರದೇ, ಪಡೆದವರು ಬೇರೆಯವರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ, ಅದರಿಂದ ಕ್ರಾಸ್ ಮಾಡಬಹುದೋ ಇಲ್ಲವೋ, ಪರೀಕ್ಷೆ ಮುಗಿದ ಮೇಲೆ ಗಿಡ ಏನಾಗಬೇಕು. ಗೆಳೆಯರ ನಡುವೆ ಕಾಗದ ಯಾಕೆ ಅಂತ ಅನ್ನಿಸುತ್ತದೆ, ಆದರೆ ಇಂಥ ಸಂಘಗಳು ಒಡೆಯುವುದು ದುಡ್ಡಿಗಿಂತ ಹೆಚ್ಚಾಗಿ "ನನ್ನ ಸಸಿ ನಿಮ್ಮ ಮನೆಯಿಂದ ಹೊರಗೆ ಹೋಯಿತು" ಅನ್ನುವ ಮಾತಿಗೆ.

ಗಿಡ ಹಂಚಿಕೊಳ್ಳುವಲ್ಲಿ ರೋಗವೂ ಹಂಚಿಕೆಯಾಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರ್ಕಿಡ್‌ನ ಸಿಂಬಿಡಿಯಂ ಮೊಸಾಯಿಕ್, ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ಕತ್ತರಿಯ ಅಲಗಿನಲ್ಲೇ ಗಿಡದಿಂದ ಗಿಡಕ್ಕೆ ಹೋಗುತ್ತವೆ, ಬಂದ ಮೇಲೆ ಔಷಧಿ ಇಲ್ಲ. ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಅಲಗನ್ನು ಬೆಂಕಿಯಲ್ಲಿ ಕಾಯಿಸಿ, ಇಲ್ಲವೇ ಪ್ರತಿ ಗಿಡಕ್ಕೂ ಹೊಸ ಬ್ಲೇಡ್ ಬಳಸಿ. ಹೊಸ ಗಿಡ ಬಂದರೆ ಕೆಲವು ವಾರ ಬೇರೆ ಇಡಿ. ಗಿಡಕ್ಕಿಂತ ಪರಾಗ ಹಂಚಿಕೊಳ್ಳುವುದು ಸುಲಭ, ಲಿಲ್ಲಿ, ಡ್ಯಾಫೋಡಿಲ್ ಥರದವುಗಳ ಪರಾಗವನ್ನು ಸಿಲಿಕಾ ಜೆಲ್ ಹಾಕಿ ಒಣಗಿಸಿ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬದುಕುತ್ತದೆ. ದಾಸವಾಳದ ಪರಾಗ ಅಷ್ಟು ತಡೆಯುವುದಿಲ್ಲ, ಬೇಗ ಬಳಸಬೇಕು.

ನಿಮ್ಮಲ್ಲಿ ಯಾರಾದರೂ ಪ್ರಾಧಿಕಾರವೇ ಇಲ್ಲದ ಗಿಡದ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದರೆ, ಅಲ್ಲಿ ನಿಮ್ಮ ಸಂಘಕ್ಕೆ ನಿಜವಾದ ಅವಕಾಶ ಇದೆ. ಆಗಲೂ ಮೊದಲ ಹೆಜ್ಜೆ ಹೊಸ ಹೆಸರು ನೋಂದಾಯಿಸುವುದಲ್ಲ. ಇರುವ ಹೆಸರುಗಳ ಪಟ್ಟಿ ಮಾಡುವುದು: ಹೆಸರು, ಯಾರು ಬೆಳೆಸಿದ್ದು, ಮೊದಲು ಎಲ್ಲಿ ಯಾವಾಗ ಪ್ರಕಟವಾಯಿತು, ತಾಯಿ ತಂದೆ, ವಿವರಣೆ, ಬೇರೆ ಹೆಸರುಗಳು. ಕೆಲವು ವರ್ಷ ಆ ಪಟ್ಟಿಯನ್ನು ಬೆಳೆಸಿ, ಅಚ್ಚು ಹಾಕಿ, ಬಳಸುವವರ ನಂಬಿಕೆ ಗಳಿಸಿದ ಮೇಲೆ ತೋಟಗಾರಿಕಾ ವಿಜ್ಞಾನ ಸಂಘಕ್ಕೆ ಬರೆದು ಪ್ರಾಧಿಕಾರವಾಗಲು ಕೇಳಬಹುದು. ಹೊಸ ತಳಿಯ ಒಂದು ರೆಂಬೆಯನ್ನು ಹೂವಿನ ಸಮೇತ ಒತ್ತಿ ಒಣಗಿಸಿ ಯಾವುದಾದರೂ ಸಸ್ಯಸಂಗ್ರಹಾಲಯಕ್ಕೆ ಕೊಟ್ಟಿಡುವುದೂ ಒಳ್ಳೆಯ ಪದ್ಧತಿ, ಫೋಟೋ ಜೊತೆಗೆ. ಹೆಸರು ಯಾವ ಗಿಡಕ್ಕೆ ಸೇರಿದ್ದು ಅಂತ ಮುಂದೆ ಸಂಶಯ ಬಂದರೆ ಅದನ್ನು ತೆಗೆದು ನೋಡಬಹುದು.

ಕೊನೆಯದಾಗಿ, ಬೈಲಾದಲ್ಲಿ ಒಂದು ಕಲಂ ತಪ್ಪದೆ ಸೇರಿಸಿ. ಸದಸ್ಯರೊಬ್ಬರು ತೀರಿಕೊಂಡರೆ ಅಥವಾ ತೋಟ ಮುಚ್ಚಿದರೆ ಅವರ ಗಿಡ, ಪುಸ್ತಕ, ಹೆಸರಿಲ್ಲದ ನಂಬರ್ ಸಸಿಗಳು ಯಾರಿಗೆ ಹೋಗಬೇಕು, ಅವುಗಳಿಗೆ ಹೆಸರಿಡುವ ಅಧಿಕಾರ ಯಾರದು ಅಂತ ಪ್ರತಿಯೊಬ್ಬರಿಂದಲೂ ಸೇರುವಾಗಲೇ ಬರೆಸಿಕೊಳ್ಳಿ. ಮನೆಯವರಿಗೆ ಅದು ಬರೀ ಕುಂಡಗಳ ಸಾಲು, ವಾರದೊಳಗೆ ಖಾಲಿ ಮಾಡಿಬಿಡುತ್ತಾರೆ. ಹಾಗೆಯೇ ರಿಜಿಸ್ಟ್ರಾರ್ ಪುಸ್ತಕದ ನಕಲು ಮೂರು ತಿಂಗಳಿಗೊಮ್ಮೆ ಇನ್ನಿಬ್ಬರ ಕೈಗೆ ಹೋಗಬೇಕು, ಒಂದು ಕಾಗದದಲ್ಲಿ, ಒಂದು ಕಂಪ್ಯೂಟರ್‌ನಲ್ಲಿ. ಹೆಸರು ಕೊಟ್ಟ ಪ್ರತಿ ತಳಿಯ ಗಿಡ ಕನಿಷ್ಠ ಮೂರು ಬೇರೆ ಮನೆಗಳಲ್ಲಿ ಇರುವಂತೆ ನೋಡಿಕೊಳ್ಳಿ, ಯಾವ ಮನೆ ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.